ಮಾಳಪ್ಪ ಕೈ ಕೊಟ್ಟ ಮೋಟಾರು

1941ರ ಬೇಸಿಗೆಯಲ್ಲಿ ನಾನು ಬೆಳಗಾವಿಯ ಒಂದು ಮೋಟಾರು ದುರಸ್ತಿ ಕಾರ್ಖಾನೆಯಲ್ಲಿ ವೈಂಡರ್ ಆಗಿದ್ದೆ. ವೈಂಡರ್ ಎಂದರೆ ಸುಟ್ಟುಹೋದ ಮೋಟಾರಿನ ಹೊಟ್ಟೆಯಿಂದ ಹಳೆಯ ತಾಮ್ರದ ತಂತಿ ಕಿತ್ತು ತೆಗೆದು, ಹೊಸ ತಂತಿಯ ಸುರುಳಿಗಳನ್ನು ಕೂಡಿಸುವವನು. ಆಗಿನ ತಂತಿಗೆ ಇಂದಿನಂತೆ ಹೊಳೆಯುವ ಲೇಪ ಇರುತ್ತಿರಲಿಲ್ಲ, ಹತ್ತಿಯ ನೂಲು ಸುತ್ತಿರುತ್ತಿತ್ತು. ಅದನ್ನು ಬೆರಳುಗಳಿಂದ ತಡವಿ ತಡವಿ ಕೂಡಿಸಿ, ಮೇಲೆ ವಾರ್ನಿಶ್ ಹೊಯ್ದು, ಇದ್ದಿಲಿನ ಬಿಸಿಗೆ ಒಣಗಿಸುತ್ತಿದ್ದೆವು. ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು. ಹಾಗಾಗಿ ದೊಡ್ಡ ಮೋಟಾರು ಸುಟ್ಟರೆ ಅದನ್ನು ಹೊತ್ತು ತರುವ ಬದಲು ನಮ್ಮನ್ನೇ ಕರೆಸಿಕೊಳ್ಳುತ್ತಿದ್ದರು.

ಮೋಟಾರು ನಮ್ಮ ಬದುಕಿಗೆ ಏನು ಮಾಡಿತು ಎಂಬುದನ್ನು ನಾನು ಪುಸ್ತಕ ಓದಿ ತಿಳಿದವನಲ್ಲ. ನಮ್ಮವ್ವ ದಿನಾ ಕೋಳಿ ಕೂಗುವ ಮುಂಚೆ ಎದ್ದು ಜೋಳ ಬೀಸುತ್ತಿದ್ದಳು. ಅವಳ ಬಲಗೈಯ ಹೆಬ್ಬೆರಳ ಬುಡದಲ್ಲಿ ಕಲ್ಲಿನಂಥ ಗಂಟು ಕಟ್ಟಿತ್ತು. ಓಣಿಯ ಕೊನೆಗೆ ಕರೆಂಟಿನ ಹಿಟ್ಟಿನ ಗಿರಣಿ ಬಂದ ವರ್ಷ ಅವಳು ಬೀಸುಕಲ್ಲನ್ನು ಗೋಡೆಗೆ ಒರಗಿಸಿಟ್ಟಳು. ಮತ್ತೆ ಅದನ್ನು ನೆಲಕ್ಕೆ ಇಳಿಸಲಿಲ್ಲ. ಆ ಗಂಟು ಮಾತ್ರ ಕೊನೆಯವರೆಗೂ ಉಳಿಯಿತು. ಹೊಳೆಯ ದಂಡೆಗೆ ಪಂಪು ಬಂದಲ್ಲಿ ಎತ್ತುಗಳ ಹೆಗಲು ಹಗುರಾಯಿತು. ಎಣ್ಣೆ ಇಂಜಿನ್ನು ಓಡುತ್ತಿದ್ದ ಕಾರ್ಖಾನೆಗಳಲ್ಲಿ ಹೊಗೆ ಹೋಯಿತು, ಧಡ್ ಧಡ್ ಸದ್ದು ಹೋಯಿತು. ಮೂಲೆಯಲ್ಲಿ ಒಂದು ಡೊಳ್ಳಿನಷ್ಟು ದೊಡ್ಡ ಕಬ್ಬಿಣದ ಉಂಡೆ ಕೂತು, ಸದ್ದಿಲ್ಲದೆ ಅದೇ ಕೆಲಸವನ್ನು ಇನ್ನೂ ಬೇಗ ಮಾಡತೊಡಗಿತು. ಅದನ್ನು ನೋಡಿ ಬೆರಗಾಗದವರು ಇರಲಿಲ್ಲ. ನನಗೆ ಅನ್ನ ಕೊಟ್ಟದ್ದೂ ಅದೇ. ಆದರೂ ಆ ಬೇಸಿಗೆಯ ಮೋಟಾರನ್ನು ನೆನೆದಾಗ ನನ್ನ ಮನಸ್ಸಿಗೆ ಕತ್ತಲು ಕವಿಯುತ್ತದೆ.

ಘಟಪ್ರಭಾ ಸ್ಟೇಶನ್ನಿನಿಂದ ಮೂಡಲಗಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಜಿನ್ನಿಂಗ್ ಫ್ಯಾಕ್ಟರಿ ಇತ್ತು. ರೈತರು ತಂದ ಹತ್ತಿಯಿಂದ ಬೀಜ ಬೇರ್ಪಡಿಸಿ ಅರಳೆ ತೆಗೆಯುವ ಕಾರ್ಖಾನೆ ಅದು. ಮಾಲೀಕರು ಚನ್ನಪ್ಪ ಸಾವಕಾರರು, ವ್ಯಾಪಾರದ ಮನೆತನದವರು. ಎರಡು ವರ್ಷದ ಹಿಂದೆ ಹಳೆಯ ಎಣ್ಣೆ ಇಂಜಿನ್ನನ್ನು ಮಾರಿ ಮೋಟಾರು ಕೂಡಿಸಿದ್ದರು. ಅದು ಸುಟ್ಟಿದೆ, ಬೇಗ ಬರಬೇಕು ಎಂದು ಆಳು ಬಂದು ಹೇಳಿದ. ನಮ್ಮ ಮಾಲೀಕರು ತಂತಿಯ ಕಟ್ಟು, ಕೆಲಸದ ಹತ್ಯಾರು, ವಾರ್ನಿಶ್ ಡಬ್ಬಿ ಕೊಟ್ಟು ನನ್ನನ್ನು ರೈಲು ಹತ್ತಿಸಿದರು. ಲಡಾಯಿಯ ಕಾಲ, ಮಹಾಯುದ್ಧ ನಡೆದಿತ್ತು. ತಾಮ್ರದ ತಂತಿ ಬಂಗಾರದ ಹಾಗೆ ಆಗಿತ್ತು. ಆ ಕಟ್ಟನ್ನು ನಾನು ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಲಿಲ್ಲ.

ಫ್ಯಾಕ್ಟರಿಯ ಮುಂದೆ ಎತ್ತಿನ ಗಾಡಿಗಳು ಸಾಲಾಗಿ ನಿಂತಿದ್ದವು. ಕುಲಗೋಡ, ಮೂಡಲಗಿ ಕಡೆಯ ಹತ್ತಿ. ಎತ್ತುಗಳನ್ನು ಬಿಚ್ಚಿ ಬೇವಿನ ಮರದ ಕೆಳಗೆ ಕಟ್ಟಿದ್ದರು. ರೈತರು ಗಾಡಿಯ ನೆರಳಲ್ಲಿ ಮಲಗಿದ್ದರು. ಒಳಗೆ ಉದ್ದನೆಯ ಶೆಡ್ಡಿನಲ್ಲಿ ಬೀಜ ಬಿಡಿಸುವ ಯಂತ್ರಗಳು, ಜಿನ್ನುಗಳು, ಸುಮ್ಮನೆ ನಿಂತಿದ್ದವು. ಅವುಗಳ ತಲೆಯ ಮೇಲೆ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಒಂದು ಉಕ್ಕಿನ ದಂಡ. ಮೋಟಾರಿನಿಂದ ಅಗಲವಾದ ತೊಗಲಿನ ಪಟ್ಟಾ ಹೋಗಿ ಆ ದಂಡವನ್ನು ತಿರುಗಿಸುತ್ತದೆ. ದಂಡದಿಂದ ಸಣ್ಣ ಪಟ್ಟಾಗಳು ಇಳಿದು ಎಲ್ಲ ಜಿನ್ನುಗಳನ್ನು ತಿರುಗಿಸುತ್ತವೆ. ದೊಡ್ಡ ಪಟ್ಟಾವನ್ನು ಕೊಡಲಿಯಿಂದ ಕಡಿದಿದ್ದರು. ಅದರ ತುದಿ ನೆಲದ ಮೇಲೆ ಬಿದ್ದಿತ್ತು. ಮೋಟಾರಿನ ಕೆಳಗಿನ ನೆಲವನ್ನು ತೊಳೆದು ಮೇಲೆ ಬೂದಿ ಚೆಲ್ಲಿದ್ದರು.

ನಾನು ಆ ಬೂದಿಯನ್ನೇ ನೋಡುತ್ತಿದ್ದುದನ್ನು ಸಾವಕಾರರು ಕಂಡರು.

"ನಮ್ಮ ಮಾಳಪ್ಪಂದ ಕೈ ಹೋತ್ರಿ" ಎಂದರು. "ದವಾಖಾನ್ಯಾಗ ಅದಾನ. ಕುಡದ ಬಂದಿದ್ದ. ಕುಡದವಗ ಪಟ್ಟಾ ಯಾವುದು, ದಾರ ಯಾವುದು? ಇರ್ಲಿ. ಚಾ ಕುಡೀರಿ ಮೊದಲ. ಆದ್ರ ವಾರದಾಗ ಇದು ತಿರಗಬೇಕ ಮಿಸ್ತ್ರಿಯರ. ಮಳಿ ಬರೂದ್ರಾಗ ಈ ಹತ್ತಿ ಮುಗಸಲಿಲ್ಲಂದ್ರ ನಾನೂ ಮುಳಗತೇನಿ, ಹೊರಗ ಕುಂತ ರೈತರೂ ಮುಳಗತಾರ."

ಚಹಾ ಕುಡಿಯುತ್ತ ಮಾಳಪ್ಪನ ವಿಷಯ ಅವರೇ ಹೇಳಿದರು. ಕುಲಗೋಡದ ಕುರಿ ಕಾಯುವ ಮನೆತನದವನು. ಹರೆಯದಲ್ಲಿ ಕೂಲಿಗೆಂದು ಬಂದವನು ಎಣ್ಣೆ ಇಂಜಿನ್ನಿನ ಹತ್ತಿರ ನಿಂತು ನಿಂತು ಅದರ ಡ್ರೈವರನೇ ಆದ. ಆ ಇಂಜಿನ್ನು ತಾನಾಗಿ ಏಳುತ್ತಿರಲಿಲ್ಲ. ಮೊದಲು ತಲೆಯನ್ನು ಬೆಂಕಿಯಿಂದ ಕಾಯಿಸಬೇಕು, ಆಮೇಲೆ ಆಳೆತ್ತರದ ಗಾಲಿಯನ್ನು ಕೈಯಿಂದ ತೂಗಿ ತೂಗಿ ಒಮ್ಮೆ ಜೋರಾಗಿ ತಳ್ಳಬೇಕು. ಮಾಳಪ್ಪ ಒಬ್ಬನೇ ತಳ್ಳುತ್ತಿದ್ದ. ಬೇರೆ ಯಾರು ತಳ್ಳಿದರೂ ಅದು ಏಳುತ್ತಿರಲಿಲ್ಲವಂತೆ. ಊರಿನಲ್ಲಿ ಅವನ ಹೆಸರೇ ಇಂಜಿನ್ ಮಾಳಪ್ಪ.

"ಮೋಟಾರ ಬಂದ ಮ್ಯಾಲ ಡ್ರೈವರಂದು ಏನ ಕೆಲಸ ಇರತೈತ್ರಿ?" ಎಂದರು ಸಾವಕಾರರು. "ಕರೆಂಟಿನ ಹಿಡಿಕಿ ಎತ್ತೂದು, ಇಳಸೂದು, ದಂಡಕ್ಕ ಎಣ್ಣಿ ಬಿಡೂದು. ಆದ್ರೂ ಅವನ್ನ ಬಿಡಸಲಿಲ್ಲ ನಾ. ಹಳೇ ಮನಷಾ."

ಇದು ಸುಳ್ಳಲ್ಲ. ಆ ಕಾಲದಲ್ಲಿ ಮೋಟಾರು ಬಂದ ಕಡೆಯಲ್ಲೆಲ್ಲ ಇಂಜಿನ್ ಡ್ರೈವರುಗಳನ್ನು ಮನೆಗೆ ಕಳಿಸುತ್ತಿದ್ದರು. ಸಾವಕಾರರು ಕಳಿಸಿರಲಿಲ್ಲ. ಅವರನ್ನು ಕೆಟ್ಟವರೆಂದು ನಾನು ಅಂದೂ ತಿಳಿಯಲಿಲ್ಲ, ಇಂದೂ ತಿಳಿಯುವುದಿಲ್ಲ.

ಮೋಟಾರಿನ ಮುಚ್ಚಳ ಬಿಚ್ಚಿದೆ. ಸುಟ್ಟ ವಾರ್ನಿಶ್ಶಿನ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಕಂಡದ್ದನ್ನು ಓದುಗರಿಗೆ ತಿಳಿಯುವಂತೆ ಹೇಳಬೇಕಾದರೆ ಸ್ವಲ್ಪ ವಿವರಿಸಬೇಕು. ಕಾರ್ಖಾನೆಯ ಮೋಟಾರಿಗೆ ಕರೆಂಟು ಮೂರು ತಂತಿಗಳಲ್ಲಿ ಬರುತ್ತದೆ. ಒಳಗಿನ ಸುರುಳಿಗಳೂ ಮೂರು ಬಳಗ. ಇವಕ್ಕೆ ಫೇಜ್ ಎನ್ನುತ್ತಾರೆ. ಮೂರೂ ಒಂದರ ಹಿಂದೆ ಒಂದು ತಳ್ಳುವುದರಿಂದ ಮೋಟಾರು ತಾನಾಗಿ ತಿರುಗಲು ಶುರುಮಾಡುತ್ತದೆ. ಪ್ರತಿಯೊಂದು ತಂತಿಯ ದಾರಿಯಲ್ಲೂ ಒಂದು ಫ್ಯೂಜ್ ಇರುತ್ತದೆ. ಅದು ಬೇಕೆಂದೇ ತೆಳ್ಳಗೆ ಮಾಡಿದ ತಂತಿ. ಕರೆಂಟು ಮಿತಿ ಮೀರಿದರೆ ಅದು ಮೊದಲು ಕರಗಿ ಮೋಟಾರನ್ನು ಉಳಿಸುತ್ತದೆ. ಈ ಮೂರರಲ್ಲಿ ಒಂದೇ ಒಂದು ಕರಗಿ ಉಳಿದೆರಡು ಹಾಗೆಯೇ ಇದ್ದರೆ ಮೋಟಾರಿನ ಗತಿ ವಿಚಿತ್ರವಾಗುತ್ತದೆ. ಹಿಡಿಕೆ ಎತ್ತಿದರೆ ತಿರುಗುವುದಿಲ್ಲ, ನಿಂತಲ್ಲೇ ಗುಂಯ್‌ಗುಡುತ್ತದೆ. ಆದರೆ ಸತ್ತಿರುವುದಿಲ್ಲ. ಆಗ ಯಾರಾದರೂ ಕೈಯಿಂದ ತುಸು ತಿರುಗಿಸಿದರೆ ಸಾಕು, ತಿರುಗಿಸಿದ ದಿಕ್ಕಿಗೇ ಓಟ ಕೀಳುತ್ತದೆ.

ಎಲ್ಲ ಸುರುಳಿಗಳೂ ಒಂದೇ ಸಮ ಕಪ್ಪಾಗಿದ್ದರೆ ಅತಿ ಭಾರದಿಂದ ಸುಟ್ಟಿತೆಂದು ಅರ್ಥ. ಈ ಮೋಟಾರಿನಲ್ಲಿ ಎರಡು ಬಳಗ ಇದ್ದಿಲಾಗಿದ್ದವು. ಮೂರನೆಯದರ ಮೇಲಿನ ಹತ್ತಿ ನೂಲು ಹೊಸದಾಗಿ ಸುತ್ತಿದಂತೆ ಹಳದಿಯಾಗಿಯೇ ಇತ್ತು. ಒಂದು ಫೇಜ್ ಸತ್ತು, ಉಳಿದೆರಡರ ಮೇಲೆ ಮೋಟಾರು ನಿಂತು ಉರಿದಿದೆ. ಅದರಲ್ಲಿ ಸಂಶಯವೇ ಇರಲಿಲ್ಲ.

ಎದ್ದು ಹೋಗಿ ಫ್ಯೂಜಿನ ಪೆಟ್ಟಿಗೆ ತೆಗೆದೆ. ಮೂರಕ್ಕೂ ಕಡ್ಡಿಯಷ್ಟು ದಪ್ಪದ ತಾಮ್ರದ ಎಳೆ ಬಿಗಿದಿದ್ದರು. ಎರಡು ಹಳೆಯವು, ಮಸಿ ಹಿಡಿದಿದ್ದವು. ಮೂರನೆಯದು ಥಳಥಳ ಹೊಳೆಯುತ್ತಿತ್ತು. ಅಂದರೆ ಅಪಘಾತದ ದಿನ ಅಲ್ಲಿ ಬೇರೆ ಏನೋ ಇತ್ತು, ಅದು ಕರಗಿತ್ತು, ಆಮೇಲೆ ಯಾರೋ ಹೊಸದನ್ನು ಹಾಕಿದ್ದರು.

ಹೊಸ ಸುರುಳಿ ಕೂಡಿಸುವ ಮುಂಚೆ ಮೋಟಾರು ಆ ದಿನ ಹೇಗೆ ನಡೆದುಕೊಂಡಿತು ಎಂದು ಅದರ ಹತ್ತಿರ ನಿಂತವನನ್ನೇ ಕೇಳುವುದು ನಮ್ಮ ಕಸುಬಿನ ಪದ್ಧತಿ. ಅದಕ್ಕಾಗಿ ಮರುದಿನ ಮುಂಜಾನೆ ದವಾಖಾನೆಗೆ ಹೋದೆ.

ಮಾಳಪ್ಪ ಗೋಡೆಯ ಕಡೆಯ ಮಂಚದ ಮೇಲೆ ಇದ್ದ. ದೊಡ್ಡ ಆಳು. ಬಲಗೈ ಮೊಳಕೈಯಿಂದ ಕೆಳಗೆ ಇರಲಿಲ್ಲ. ಅವನ ಹೆಂಡತಿ ನಾಗವ್ವ ನೆಲದ ಮೇಲೆ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಅವಳೂ ಅದೇ ಫ್ಯಾಕ್ಟರಿಯಲ್ಲಿ ಜಿನ್ನಿಗೆ ಹತ್ತಿ ಉಣಿಸುವ ಕೆಲಸದವಳು. ಬೆಳಗಾವಿಯಿಂದ ಮೋಟಾರು ಕಟ್ಟಲು ಬಂದವನು ಎಂದು ಹೇಳಿಕೊಂಡೆ. ಅವನು ನನ್ನ ಮುಖ ನೋಡಲಿಲ್ಲ, ನನ್ನ ಕೈಗಳನ್ನು ನೋಡಿದ.

"ಆ ದಿನ ಹಿಡಿಕಿ ಎತ್ತಿದಾಗ ಏನಾತು, ಮಾಳಪ್ಪ?" ಎಂದು ಕೇಳಿದೆ.

"ಗುಂಯ್ ಅಂತ್ರಿ. ತಿರಗವಲ್ದು. ಇಳಿಸಿ ಮತ್ತ ಎತ್ತಿದ್ನಿ. ಹಂಗ ಗುಂಯ್ ಅನಕೋತ ನಿಂತ ಬಿಡ್ತು. ಹೆಣ್ಮಕ್ಕಳೆಲ್ಲಾ ಜಿನ್ನ ಮುಂದ ಕುಂತ ನನ್ನ ಮಾರಿ ನೋಡಾಕತ್ತಿದ್ರು. ಹೊರಗ ಗಾಡಿ ನಿಂತಿದ್ವು. ಒಂದೀಟ ಕೈ ಕೊಟ್ರ ಏಳತೈತಿ ಅಂದಕೊಂಡ್ನಿ. ಇಂಜಿನ್ನ ಹಂಗ ಎಬ್ಬಸ್ತಿದ್ನಿ ಅಲ್ರೀ? ಪಟ್ಟಾ ಹಿಡದ ಜಗ್ಗಿದ್ನಿ."

ಎಡಗೈಯಿಂದ ಹೊದಿಕೆ ಸರಿಸಿಕೊಂಡು ಮುಂದುವರಿಸಿದ.

"ಇಂಜಿನ್ ಏಳೂಮುಂದ ಕೆಮ್ಮತೈತ್ರಿ. ಒಂದ ಸಲ ಕೆಮ್ಮತೈತಿ, ಎರಡ ಸಲ ಕೆಮ್ಮತೈತಿ. ಅಷ್ಟರಾಗ ಮನಷಾ ಬಾಜೂ ಸರೀತಾನ. ಇದು ಕೆಮ್ಮಲೇ ಇಲ್ಲ."

ಹಿಡಿಕೆ ಎತ್ತುವಾಗ ಪಟ್ಟಾ ದಂಡದ ಖಾಲಿ ಗಾಲಿಯ ಮೇಲೆ ಇರುತ್ತದೆ. ಮೋಟಾರು ವೇಗ ಹಿಡಿದ ಮೇಲೆ ಅದನ್ನು ದಂಡ ತಿರುಗಿಸುವ ಗಾಲಿಗೆ ಸರಿಸುತ್ತಾರೆ. ಹಾಗಾಗಿ ಆಗ ಮೋಟಾರಿನ ಮೇಲೆ ಭಾರವೇ ಇರಲಿಲ್ಲ. ಅವನು ಜಗ್ಗಿದ ಕೂಡಲೇ ಅದು ಹಾರಿ ತಿರುಗಿತು. ಕೈ ಬಿಡುವುದರೊಳಗೆ ಪಟ್ಟಾ ಆ ಕೈಯನ್ನು ಗಾಲಿಗೆ ಒಯ್ದಿತ್ತು. ಗಾಲಿ ಮತ್ತು ಪಟ್ಟಾದ ನಡುವೆ ತೋಳು ಸಿಕ್ಕು ಮೋಟಾರು ಮತ್ತೆ ನಿಂತಿತು. ನಿಂತರೂ ಜಗ್ಗುತ್ತಲೇ ಇತ್ತು. ಆ ಎರಡು ದಪ್ಪ ತಂತಿಗಳು ಕರಗುವಂಥವಾಗಿರಲಿಲ್ಲ.

ಮುಂದಿನದನ್ನು ನಾಗವ್ವ ಹೇಳಿದಳು.

"ಯಾರೂ ಮುಟ್ಟಲಿಲ್ಲರಿ. ಕರೆಂಟ್ ಹಿಡದೈತಿ, ಮುಟ್ಟಿದವರಿಗೂ ಹಿಡೀತೈತಿ ಅಂತ ಎಲ್ಲಾರೂ ದೂರ ನಿಂತ ಒದರಾಕತ್ತಿದ್ರು. ನಾನೂ ಅಂದಕೊಂಡ್ನಿ, ಹಿಡದ್ರ ಹಿಡೀಲಿ, ಇಬ್ಬರೂ ಹೋಗೂಣು. ಓಡಿ ಹೋಗಿ ಟೊಂಕಕ್ಕ ಕೈ ಹಾಕಿ ಜಗ್ಗಿದ್ನಿ. ಅವನ ಮೈಯಾಗ ಕರೆಂಟ್ ಇರಲೇ ಇಲ್ಲರಿ. ಪಟ್ಟಾ ಇತ್ತು, ಅಷ್ಟ. ಅದನ್ನ ಹೆಂಗ ನಿಲ್ಲಸಬೇಕಂತ ಯಾರಿಗೂ ಗೊತ್ತಿರಲಿಲ್ಲ. ಇಂಜಿನ್ ಇದ್ದಾಗ ಸಣ್ಣ ಹುಡುಗೂರಿಗೂ ಗೊತ್ತಿತ್ತು, ಎಣ್ಣಿ ಬಂದ್ ಮಾಡಬೇಕಂತ."

ಗದ್ದಲ ಕೇಳಿ ಸಾವಕಾರರು ಓಡಿ ಬಂದು ಹಿಡಿಕೆ ಇಳಿಸಿದ್ದರು. ಯಾರೋ ಕೊಡಲಿ ತಂದು ಪಟ್ಟಾ ಕಡಿದಿದ್ದರು. ಕೆಲಸ ನಿಲ್ಲಬಾರದೆಂದು ಅದೇ ದಿನ ಸಂಜೆ ಕರಗಿದ ಫ್ಯೂಜಿನ ಜಾಗಕ್ಕೆ ದಪ್ಪ ತಂತಿ ಹಾಕಿ ಮೋಟಾರನ್ನು ಎಬ್ಬಿಸಲು ನೋಡಿದ್ದರು. ಬರೀ ಹೊಗೆ ಬಂದಿತ್ತು.

ನಾನು ಏಳುವಾಗ ನಾಗವ್ವ ಹಿಂದೆಯೇ ಬಾಗಿಲವರೆಗೆ ಬಂದಳು.

"ಮಿಸ್ತ್ರಿಯರ, ಇದನ್ನ ತಪಾಸ ಮಾಡಾಕ ಬೆಳಗಾವಿಯಿಂದ ಸರಕಾರದ ಇನಸ್ಪೆಕ್ಟರ್ ಬರಾಕತ್ತಾರಂತ. ಗಂಡ ಕುಡದಿದ್ದ ಅಂತ ಹೇಳಿದ್ರ ನಿನ್ನ ಕೆಲಸ ಉಳೀತೈತಿ ಅಂತ ಸಾವಕಾರ್ರು ಹೇಳಿ ಕಳಿಸ್ಯಾರ. ಇಂವ ಇನ್ನ ಮ್ಯಾಲ ದುಡಿಯಾಂವಲ್ಲ. ನನ್ನ ಪಗಾರ ಒಂದ ಉಳದದ್ದು. ಏನ ಹೇಳಲಿ ನಾ?"

"ಅದನ್ನ ನಾ ಹೆಂಗ ಹೇಳ್ಲವ್ವಾ?" ಎಂದೆ. "ಆದ್ರ ಮೋಟಾರದಾಗ ಏನ ಕಂಡೇನಿ ಅದನ್ನ ಕೇಳಿದವರಿಗೆ ಹೇಳ್ತೇನಿ."

ಅದು ಅವಳಿಗೆ ಧೈರ್ಯ ಕೊಡುವ ಮಾತಲ್ಲ ಎಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಫ್ಯಾಕ್ಟರಿಗೆ ಮರಳಿ ಸುಟ್ಟ ಸುರುಳಿಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಸಾಮಾನ್ಯವಾಗಿ ಅವನ್ನು ಕತ್ತರಿಸಿ ಗುಜರಿಗೆ ಎಸೆಯುತ್ತೇವೆ. ಈ ಸಲ ಆಕಾರ ಕೆಡದಂತೆ ಎತ್ತಿ, ಕಪ್ಪಾದವನ್ನು ಒಂದು ಕಡೆ, ಹಳದಿಯವನ್ನು ಒಂದು ಕಡೆ ಜೋಡಿಸಿಟ್ಟೆ. ಸಾವಕಾರರು ಬಂದು ಬಾಗಿಲಲ್ಲಿ ನಿಂತು ನೋಡಿದರು. ಅವರು ದಡ್ಡರಲ್ಲ.

"ಯಾಕ ತಗದ ಇಡಾಕತ್ತೀರಿ ಅವನ್ನ?"

"ಸಾಹೇಬರ ಕೇಳಿದ್ರ ತೋರಸಾಕ್ರಿ."

ಅವರು ಒಳಗೆ ಬಂದು ಹತ್ತಿಯ ಮೂಟೆಯ ಮೇಲೆ ಕೂತರು. ಸಿಟ್ಟಿಗೇಳುತ್ತಾರೆಂದು ಕಾಯುತ್ತಿದ್ದೆ. ಏಳಲಿಲ್ಲ.

"ಲಡಾಯಿ ಸುರು ಆದಾಗಿಂದ ಫ್ಯೂಜಿನ ತಂತಿ ಎಲ್ಲೆ ಸಿಗತಾವ್ರಿ? ಇದ್ದದ್ದು ಸುಟ್ಟಾಗೊಮ್ಮಿ ಕೆಲಸ ನಿಲ್ಲತಿತ್ತು. ದಪ್ಪಂದು ಹಾಕ್ರಿ ಅಂತ ನಾನ ಹೇಳಿದ್ನಿ. ಎರಡಕ್ಕ ಹಾಕಿದ್ವಿ. ಮೂರನೇದು ಮೋಟಾರ ಕೂಡಸಿದ ಕಂಪನಿಯವರು ಹಾಕಿದ್ದು ಹಂಗ ಇತ್ತು, ಇರಲಿ ಅಂತ ಬಿಟ್ವಿ." ಹೊರಗಿನ ಗಾಡಿಗಳ ಕಡೆ ಕೈ ತೋರಿಸಿದರು. "ಖರೆ ಹೇಳ್ರಿ, ಬ್ಯಾಡನ್ನೂದಿಲ್ಲ. ಆದ್ರ ಸಾಹೇಬರು ಫ್ಯಾಕ್ಟರಿಗೆ ಕೀಲಿ ಹಾಕತಾರ. ಹಾಕಿದ್ರ ಇಲ್ಲಿ ದುಡಿಯೂ ಹೆಣ್ಮಕ್ಕಳ ಮನ್ಯಾಗ ಒಲಿ ಹತ್ತೂದಿಲ್ಲ. ಮಾಳಪ್ಪಂದ ಕೈಯಂತೂ ಹೋತು. ಅವನ ಹೆಂಡ್ತಿಗೆ ಕೆಲಸ ಕೊಟ್ಟ ನಾ ಸಾಕತೇನಿ. ಒಬ್ಬಂವ ಕುಡದಿದ್ದ ಅಂದ್ರ ಯಾರಿಗೆ ಏನ ಲುಕ್ಸಾನ್ರಿ?"

ಅವರು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ನಮ್ಮ ಮಾಲೀಕರಿಗೆ ಈ ಭಾಗದ ಕೆಲಸವೆಲ್ಲ ಇವರ ಮಾತಿನಿಂದಲೇ ಬರುತ್ತಿತ್ತು ಎಂಬುದೂ ನನ್ನ ತಲೆಯಲ್ಲಿತ್ತು. ಆದರೆ ದವಾಖಾನೆಯ ಮಂಚದ ಮೇಲಿದ್ದವನ ಹತ್ತಿರ ಕೈಯಂತೂ ಉಳಿದಿರಲಿಲ್ಲ. ಅವನು ಬಲ್ಲ ಕೆಲಸಗಾರ ಎಂಬ ಹೆಸರೊಂದು ಉಳಿದಿತ್ತು. ಅದನ್ನೂ ಕಿತ್ತುಕೊಳ್ಳುವುದಕ್ಕೆ ನಾನು ಸಾಕ್ಷಿಯಾಗಬೇಕೇ? "ಅವನಿಗೆ ಲುಕ್ಸಾನ್ರಿ ಸಾವಕಾರ್ರ" ಎಂದಷ್ಟೇ ಹೇಳಿದೆ. ಅವರು ಎದ್ದು ಹೋದರು. ಮಧ್ಯಾಹ್ನ ಎಂದಿನಂತೆ ನನಗೆ ಊಟ ಕಳಿಸಿದರು.

ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬಂದಾಗ ನನ್ನ ಹೊಸ ಸುರುಳಿಗಳು ಅರ್ಧಕ್ಕೆ ಬಂದಿದ್ದವು. ಹುಟ್ಟೂರು ಧಾರವಾಡದ ಕಡೆ, ಓದಿದ್ದು ಇಂಜಿನಿಯರಿಂಗ್, ಮಾತು ಕಡಿಮೆ. ಶೆಡ್ಡು ಸುತ್ತಿ ಬಂದು, ಪಟ್ಟಾಕ್ಕೆ ಅಡ್ಡ ಜಾಲರಿ ಇಲ್ಲದ್ದನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅವರ ಕಣ್ಣು ಆ ಎರಡು ಗುಂಪುಗಳ ಮೇಲೆ ಬಿತ್ತು. ಕೂತು, ಹಳದಿಯ ಒಂದು ಸುರುಳಿ ಎತ್ತಿ ಉಗುರಿನಿಂದ ಕೆರೆದರು.

"ಒಂದು ಫೇಜ್ ಸತ್ತಿತ್ತು" ಎಂದರು.

"ಹೌದ್ರಿ ಸಾಹೇಬರ."

"ಫ್ಯೂಜ್?"

ಪೆಟ್ಟಿಗೆ ತೋರಿಸಿದೆ. ಅವರು ಆ ಹೊಳೆಯುವ ತಂತಿಯನ್ನು ಬಹಳ ಹೊತ್ತು ನೋಡಿ, ಸಾವಕಾರರ ಕಡೆ ತಿರುಗಿದರು. ಸಾವಕಾರರು ತಲೆ ತಗ್ಗಿಸಿದರು. ಸುಳ್ಳು ಹೇಳಲಿಲ್ಲ. ದಪ್ಪ ತಂತಿ ತಾವೇ ಹಾಕಿಸಿದ್ದು ಎಂದರು.

ಆಮೇಲೆ ಇನ್ಸ್‌ಪೆಕ್ಟರು ಬೇವಿನ ಮರದ ಕೆಳಗೆ ಕೆಲಸದ ಹೆಂಗಸರನ್ನು ಕರೆದು ಕೇಳಿದರು. ಕೆಲವರು ಮಾಳಪ್ಪ ಕುಡಿದಿದ್ದ ಎಂದರು. ಕೆಲವರು ನಾವು ನೋಡಿಲ್ಲ ಎಂದರು. ಕೊನೆಗೆ ನಾಗವ್ವ ಮುಂದೆ ಬಂದಳು. ಅವಳು ಏನು ಹೇಳುತ್ತಾಳೆಂದು ನನಗೆ ಕೊನೆಯ ಕ್ಷಣದವರೆಗೂ ಗೊತ್ತಿರಲಿಲ್ಲ.

"ನಿನ್ನ ಗಂಡ ಕುಡೀತಾನೇನವ್ವಾ?"

"ಕುಡೀತಾನ್ರಿ. ಸಂತಿ ದಿನಾ ಕುಡೀತಾನ. ಅದನ್ನ ಯಾಕ ಮುಚ್ಚಲಿ? ಆದ್ರ ಆ ದಿನಾ ಕುಡದಿರಲಿಲ್ಲ. ಮುಂಜಾನಿ ನಾನ ಅಂಬಲಿ ಕುಡಿಸಿ ಕರಕೊಂಡ ಬಂದಿದ್ನಿ. ಅವನ ಬಾಯಿ ನನ್ನ ಮಾರಿ ಹತ್ತರ ಇತ್ರಿ, ಪಟ್ಟಾದಾಗಿಂದ ಬಿಡಸೂಮುಂದ. ವಾಸನಿ ಇರಲಿಲ್ಲ."

ಗಾಡಿಯ ನೆರಳಲ್ಲಿದ್ದ ರೈತರೂ ಎದ್ದು ಕೂತಿದ್ದರು. ನಾಗವ್ವ ಹಿಂದೆ ಸರಿದು ಹೆಂಗಸರ ಗುಂಪಿನ ಕಡೆ ಹೋದಳು. ಅವರು ಅವಳಿಗೆ ಜಾಗ ಬಿಟ್ಟರು. ಪಕ್ಕಕ್ಕೆ ಕರೆದುಕೊಳ್ಳಲೆಂದು ಬಿಟ್ಟ ಜಾಗವಲ್ಲ ಅದು.

ಕಥೆ ಇಲ್ಲಿಗೆ ಮುಗಿದಿದ್ದರೆ ನ್ಯಾಯ ಗೆದ್ದಿತೆಂದು ಹೇಳಬಹುದಿತ್ತು. ಇನ್ಸ್‌ಪೆಕ್ಟರು ಮಾಳಪ್ಪನ ತಪ್ಪಿಲ್ಲ ಎಂದು ನಿರ್ಣಯಿಸಿದರು. ಕಾಯಿದೆಯ ಪ್ರಕಾರ ಪರಿಹಾರ ಕೊಡಿಸಿದರು. ಸರಿಯಾದ ಫ್ಯೂಜ್, ಪಟ್ಟಾಕ್ಕೆ ಜಾಲರಿ, ನಿಲ್ಲಿಸುವ ಹಿಡಿಕೆ ಎಲ್ಲರ ಕೈಗೆ ಎಟುಕುವ ಹಾಗೆ, ಇವೆಲ್ಲ ಆಗುವವರೆಗೆ ಫ್ಯಾಕ್ಟರಿ ನಡೆಸಕೂಡದು ಎಂದರು. ನಾನು ವಾರದೊಳಗೆ ಮೋಟಾರು ಕಟ್ಟಿ ಮುಗಿಸಿದೆ. ಆದರೆ ಜಾಲರಿಯ ಕಬ್ಬಿಣ ಬೇಗ ಸಿಗಲಿಲ್ಲ, ಫ್ಯೂಜಿನ ತಂತಿ ಮುಂಬಯಿಯಿಂದ ಬರಬೇಕಾಯಿತು. ಗಾಡಿಗಳು ಒಂದೊಂದಾಗಿ ಎತ್ತು ಹೂಡಿಕೊಂಡು ಗೋಕಾಕದ ಕಡೆಯ ಬೇರೆ ಫ್ಯಾಕ್ಟರಿಗಳಿಗೆ ಹೋದವು. ಅಂಗಳದಲ್ಲಿ ಉಳಿದ ಹತ್ತಿಯ ಮೇಲೆ ಒಂದು ಮಧ್ಯಾಹ್ನ ಮಳೆಗಾಲಕ್ಕೆ ಮುಂಚಿನ ಅಡ್ಡಮಳೆ ಬಂತು. ಹೆಂಗಸರಿಗೆ ಆ ಹಂಗಾಮಿನ ಉಳಿದ ಪಗಾರ ಹೋಯಿತು. ಅವರು ಅದಕ್ಕೆ ಸಾವಕಾರರನ್ನು ಬೈಯಲಿಲ್ಲ, ಇನ್ಸ್‌ಪೆಕ್ಟರನ್ನೂ ಬೈಯಲಿಲ್ಲ. ನಾಗವ್ವನನ್ನು ಬೈದರು.

ಊರಿಗೆ ಹೊರಡುವ ದಿನ ದವಾಖಾನೆಗೆ ಹೋಗಿ ಮಾಳಪ್ಪನಿಗೆ ಸುದ್ದಿ ಹೇಳಿದೆ. ಸಂತೋಷದ ಸುದ್ದಿ ಎಂದೇ ತಿಳಿದು ಹೋಗಿದ್ದೆ.

"ನಿಂದೇನೂ ತಪ್ಪಿಲ್ಲ ಅಂತ ಸಾಹೇಬರು ಹೇಳ್ಯಾರ."

"ಹಂಗಾದ್ರ ಯಾರದು ತಪ್ಪು?"

ಫ್ಯೂಜಿನ ಕಥೆ ಹೇಳಿದೆ. ಕಿಸೆಯಲ್ಲಿದ್ದ ಒಂದು ತುಂಡು ತೆಳು ತಂತಿ ತೆಗೆದು ಅವನ ಎಡ ಅಂಗೈಯಲ್ಲಿ ಇಟ್ಟೆ. ಅವನು ಅದನ್ನು ಬೆರಳಲ್ಲಿ ಹೊರಳಿಸಿ ನೋಡಿದ.

"ಇಷ್ಟ ಸಣ್ಣದು?"

"ಇಷ್ಟ ಸಣ್ಣದು."

ಆಮೇಲೆ ಅವನು ಹೇಳಿದ ಮಾತು ನಾನು ಬದುಕಿನಲ್ಲಿ ಕೇಳಿದ ಯಾವ ಆಪಾದನೆಗಿಂತಲೂ ಭಾರವಾದದ್ದು. ಅವನು ಆಪಾದಿಸುವ ದನಿಯಲ್ಲಿ ಹೇಳಲೂ ಇಲ್ಲ.

"ಇಂಜಿನ್ ಬಂದಾಗ ಒಬ್ಬ ಮಿಸ್ತ್ರಿ ಆರ ತಿಂಗಳ ನಮ್ಮ ಸಂಗಾಟ ಇದ್ದ. ಹೆಂಗ ಎಬ್ಬಸಬೇಕು, ಹೆಂಗ ಮಲಗಸಬೇಕು, ಸಿಟ್ಟಿಗೆದ್ರ ಏನ ಮಾಡಬೇಕು, ಎಲ್ಲಾ ಹೇಳಿಕೊಟ್ಟ. ಮೋಟಾರ ಕೂಡಸಿದವರು ಒಂದ ದಿನದಾಗ ಹೋದ್ರು. ಇದಕ್ಕ ಏನೂ ಕಲಿಯೂದ ಇಲ್ಲ, ಹಿಡಿಕಿ ಎತ್ತು ಅಂದ್ರು. ಗುಂಯ್ ಅಂದ್ರ ದೂರ ಸರೀಬೇಕಂತ ನನಗ ಯಾರೂ ಹೇಳಲಿಲ್ಲಲ್ಲರಿ."

ನಾನು ಅವನ ಎಡಗೈ ಹಿಡಿದು ಎದ್ದೆ.

ಬೆಳಗಾವಿಗೆ ಬಂದು ನಮ್ಮ ಮಾಲೀಕರಿಗೆ ನಡೆದದ್ದೆಲ್ಲ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, "ಕಂಡದ್ದ ಹೇಳಿ ಬಂದಿ, ಆತ ಬಿಡು" ಎಂದರು. ಆ ಭಾಗದ ಫ್ಯಾಕ್ಟರಿಗಳಿಂದ ನಮಗೆ ಬಹಳ ವರ್ಷ ಕೆಲಸ ಬರಲಿಲ್ಲ. ಅವರು ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ನಾಗವ್ವನನ್ನು ಮತ್ತೆ ಕಂಡದ್ದು 1946ರಲ್ಲಿ, ಘಟಪ್ರಭಾದ ಪೇಟೆಯಲ್ಲಿ. ನಾನು ಒಂದು ಹಿಟ್ಟಿನ ಗಿರಣಿಯ ಕೆಲಸಕ್ಕೆ ಹೋಗಿದ್ದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೊರಟಿದ್ದವಳು ನನ್ನನ್ನು ಗುರುತು ಹಿಡಿದು ನಿಂತಳು. ಮರುವರ್ಷ ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿರಲಿಲ್ಲ. ಇಬ್ಬರೂ ಕುಲಗೋಡಕ್ಕೆ ಹೋಗಿ ಕೂಲಿಯ ಮೇಲೆ ಬದುಕಿದ್ದರು. ಮಾಳಪ್ಪ ಹಿಂದಿನ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದ.

"ಹಗಲ ಹೊತ್ತಿನ್ಯಾಗ ಛಲೋ ಇರ್ತಿದ್ದರಿ" ಎಂದಳು. "ಒಂದ ಕೈಲೇ ಕುರಿ ಕಾಯ್ತಿದ್ದ, ಕಂಬಳಿ ಹೊದ್ದು ನಿಂತ್ರ ಯಾರಿಗೂ ಗೊತ್ತ ಆಗತಿರಲಿಲ್ಲ. ಮಲಗಿದಾಗ ಆ ಇಲ್ಲದ ಕೈ ಎತ್ತತಿದ್ದ. ಭುಜ ಹಿಂಗ ತೂಗತಿತ್ತು, ಗಾಲಿ ತಳ್ಳಿದಂಗ. ಒಮ್ಮಿ ಎಬ್ಬಿಸಿ ಕೇಳಿದ್ನಿ, ಏನ ಮಾಡಾಕತ್ತೀರಿ ಅಂತ. ಏಳವಲ್ದು ಅಂದ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಹೊರೆ ಭಾರವಾಗಿರಬೇಕು, ಕತ್ತು ತಿರುಗಿಸದೆ ಹಾಗೆಯೇ ಹೊರಟುಹೋದಳು. ಅವಳು ನಿಜ ಹೇಳಿದ್ದು ಸರಿಯೋ ತಪ್ಪೋ ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ನಾನು ಈ ಕಸುಬಿನಲ್ಲಿ ಮುದುಕನಾದೆ. ಮೋಟಾರು ಇಲ್ಲದ ಊರು ಈಗ ನಮ್ಮ ಭಾಗದಲ್ಲಿ ಇಲ್ಲ. ಅದು ಎಷ್ಟು ಜನರ ಬೆನ್ನು, ಎಷ್ಟು ಜನರ ತೋಳು ಉಳಿಸಿತೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಕೈಗಳಿಗೆ ನೆನಪಿರುತ್ತದೆ. ಯಂತ್ರ ಬದಲಾದ ದಿನವೇ ಅವು ಹಳೆಯದನ್ನು ಮರೆಯುವುದಿಲ್ಲ. ಅವಕ್ಕೆ ಹೊಸದನ್ನು ಕಲಿಸುವವರೆಗೆ ಮೋಟಾರು ಕೂಡಿಸುವ ಕೆಲಸ ಮುಗಿದಿಲ್ಲ ಎಂಬುದು ಆ ಬೇಸಿಗೆ ನನಗೆ ಕಲಿಸಿದ ಪಾಠ. ಅಂದಿನಿಂದ ಯಾವ ಮೋಟಾರು ಕಟ್ಟಿಕೊಟ್ಟರೂ, ಗಿರಣಿಯಿರಲಿ ಪಂಪಿರಲಿ, ಅದರ ಹತ್ತಿರ ಓಡಾಡುವ ಎಲ್ಲರನ್ನೂ ಕರೆದು ನಿಲ್ಲಿಸುತ್ತಿದ್ದೆ. ಗುಡಿಸುವ ಹೆಂಗಸನ್ನೂ ಬಿಡುತ್ತಿರಲಿಲ್ಲ. ಬೇಕೆಂದೇ ಒಂದು ಫ್ಯೂಜ್ ಕಿತ್ತು, ಎಲ್ಲರನ್ನೂ ದೂರ ನಿಲ್ಲಿಸಿ, ಒಂದು ಗಳಿಗೆ ಹಿಡಿಕೆ ಎತ್ತಿ ಆ ಗುಂಯ್ ಸದ್ದು ಕೇಳಿಸುತ್ತಿದ್ದೆ. ಆಮೇಲೆ ಒಬ್ಬೊಬ್ಬರ ಕೈಯಿಂದಲೂ ಹಿಡಿಕೆ ಇಳಿಸುವುದನ್ನು ಮಾಡಿಸುತ್ತಿದ್ದೆ.

ಬಹಳ ಜನ ನಕ್ಕಿದ್ದಾರೆ. ಹುಕ್ಕೇರಿಯ ಕಡೆ ಒಬ್ಬ ಗಿರಣಿ ಮಾಲೀಕರು ಗಡಿಯಾರ ನೋಡಿಕೊಳ್ಳುತ್ತ ಕೊನೆಗೆ ತಡೆಯಲಾರದೆ ಹೇಳಿದರು: "ಮಿಸ್ತ್ರಿಯರ, ನಿಮ್ಮನ್ನ ಕರಸಿದ್ದು ಇದನ್ನ ತಿರಗಸಾಕ. ನೀವ ನೋಡಿದ್ರ ನಿಲ್ಲಸೂದನ್ನ ಕಲಸಾಕತ್ತೀರಿ."

"ತಿರಗೂದು ಅದಕ್ಕ ಬರತೈತ್ರಿ" ಎಂದೆ. "ನಿಲ್ಲಸೂದು ಮನಷಾಗ ಬರಬೇಕು."